ವಿಮಾಪತ್ರದಲ್ಲಿ ಬರೆದ ಮಾತೇ ಗ್ರಾಹಕನ ಬಲ

ಪೇಟೆಯಲ್ಲಿ ನಾವು ಕೊಳ್ಳುವ ಪದಾರ್ಥಗಳನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ, ಬೇಕೆನಿಸಿದರೆ ಚೌಕಾಸಿಯನ್ನೂ ಮಾಡಿ, ಆ ಬಳಿಕವಷ್ಟೆ ಹಣ ತೆರುತ್ತೇವೆ. ವಿಮೆಯ ವ್ಯಾಪಾರ ಮಾತ್ರ ಇದಕ್ಕೆ ತೀರ ವಿಪರೀತವಾದುದು. ಅಲ್ಲಿ ವರ್ಷವರ್ಷವೂ ಹಣವನ್ನು ಮುಂಗಡವಾಗಿ ತೆತ್ತು, ಪ್ರತಿಯಾಗಿ ಒಂದು ವಾಗ್ದಾನವನ್ನು ಮಾತ್ರ ಪಡೆದು, ಆ ವಾಗ್ದಾನವು ಗಟ್ಟಿಯೋ ಪೊಳ್ಳೋ ಎಂಬುದನ್ನು ಮನೆಯ ಯಜಮಾನನು ಹಾಸಿಗೆ ಹಿಡಿದ ದಿನದಲ್ಲೋ, ಆತನ ಅಪರಕರ್ಮಗಳು ಮುಗಿದ ಮೇಲೋ, ಅಂದರೆ ಮನೆಯವರಿಗೆ ವಾದಿಸುವ ಚೈತನ್ಯವೇ ಉಡುಗಿಹೋಗಿರುವ ಹೊತ್ತಿನಲ್ಲಿ, ಪರೀಕ್ಷಿಸಿ ನೋಡಬೇಕಾಗುತ್ತದೆ. ಒಂದು ಪಕ್ಷದಲ್ಲಿ ಕರಾರಿನ ಒಂದೊಂದು ಅಕ್ಷರವನ್ನೂ ವಕೀಲರಿಂದ, ವೈದ್ಯರಿಂದ, ಗಣಿತಜ್ಞರಿಂದ ತೂಗಿಸಿ ಬರೆಸಿಟ್ಟ ಸಂಸ್ಥೆ. ಇನ್ನೊಂದು ಪಕ್ಷದಲ್ಲಿ ಆ ಕರಾರನ್ನು ಒಮ್ಮೆಯೂ ಪೂರ್ತಿಯಾಗಿ ಓದದೆ ಬೀರುವಿನಲ್ಲಿಟ್ಟುಕೊಂಡ ಒಬ್ಬ ಪಿಂಚಣಿದಾರ, ಅಥವಾ ಆತನ ವಿಧವೆ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ನಮ್ಮ ಗಾದೆ ಈ ವ್ಯವಹಾರಕ್ಕೆ ಅನ್ವಯಿಸದಂತೆ ನೋಡಿಕೊಳ್ಳುವ ಬಗೆ ಹೇಗೆ ಎಂಬುದೇ ಇಲ್ಲಿನ ವಿಚಾರ.

ವಿಮೆಯು ನಮ್ಮ ನಾಡಿಗೆ ಹೊಸದಾಗಿ ಬಂದುದಲ್ಲ. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, 1891ರಷ್ಟು ಹಿಂದೆಯೇ, ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ಜೀವವಿಮೆಯ ಏರ್ಪಾಡೊಂದನ್ನು ಮಾಡಿತು; ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ಮುಂದುವರಿಕೆಯೇ ಆಗಿದೆ. 1956ರ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳ ವ್ಯವಹಾರವನ್ನು ಒಂದುಗೂಡಿಸಿ ಭಾರತೀಯ ಜೀವವಿಮಾ ನಿಗಮವು ಸ್ಥಾಪಿತವಾಯಿತು. 1973ರಲ್ಲಿ ಸಾಮಾನ್ಯ ವಿಮೆಯೂ ರಾಷ್ಟ್ರೀಕರಣಗೊಂಡಿತು. ಸಂಬಳದಲ್ಲಿ ಕಂತು ತಾನಾಗಿ ಮುರಿದುಹೋಗುತ್ತ, ಅವಧಿ ತುಂಬಿದೊಡನೆ ಹಣ ಕೈಸೇರುತ್ತ ಬಂದ ಆ ದೀರ್ಘಕಾಲದಲ್ಲಿ, ‘ವಿಮೆಯೆಂದರೆ ಸರ್ಕಾರದ ಮಾತು’ ಎಂಬ ನಂಬಿಕೆ ನಮ್ಮ ಮಧ್ಯಮವರ್ಗದ ಮನಸ್ಸಿನಲ್ಲಿ ಆಳವಾಗಿ ಬೇರೂರಿತು. 1999ರ ಶಾಸನದಿಂದ ಖಾಸಗಿ ಸಂಸ್ಥೆಗಳಿಗೆ ಬಾಗಿಲು ತೆರೆದು, ಅವುಗಳ ಮೇಲ್ವಿಚಾರಣೆಗೆ ವಿಮಾ ನಿಯಂತ್ರಣ ಪ್ರಾಧಿಕಾರವು ನೆಲೆಗೊಂಡಾಗ ವ್ಯವಹಾರದ ಸ್ವರೂಪವೇ ಬದಲಾಯಿತು. ಆದರೆ ನಂಬಿಕೆ ಹಳೆಯದೇ ಉಳಿಯಿತು. ಹೊಸ ಕರಾರನ್ನು ಹಳೆಯ ನಂಬಿಕೆಯಿಂದ ಸಹಿ ಮಾಡುವುದರಲ್ಲಿಯೇ ಇಂದಿನ ಸಂಕಟದ ಬಹುಭಾಗ ಅಡಗಿದೆಯೆಂದು ನನ್ನ ದೃಢವಾದ ಅಭಿಪ್ರಾಯ.

ಬೆಂಗಳೂರಿನ ದಕ್ಷಿಣಭಾಗದಲ್ಲಿ ಈ ಸಂಗತಿ ಸ್ಪಷ್ಟವಾಗಿ ಕಾಣಿಸುತ್ತದೆ. 1948ರಲ್ಲಿ ರಾಜಾಜಿಯವರು ಶಂಕುಸ್ಥಾಪನೆ ಮಾಡಿದ ಜಯನಗರದಲ್ಲಿಯೂ, ಅದರ ಬೆನ್ನಿಗೇ ಬೆಳೆದ ಬನಶಂಕರಿ ಮತ್ತು ಜೆ.ಪಿ. ನಗರಗಳಲ್ಲಿಯೂ, ಮಕ್ಕಳು ದೂರದೇಶಗಳಲ್ಲಿರುವ ನಿವೃತ್ತರ ಮನೆಗಳು ಎಷ್ಟೋ ಇವೆ. ಅವರ ಜೀವಮಾನದ ಉಳಿತಾಯವು ಸಮೀಪದ ಬ್ಯಾಂಕುಗಳ ಠೇವಣಿಗಳಲ್ಲಿದೆ. ಬಿ.ಟಿ.ಎಂ. ಲೇಔಟಿನ ಕಡೆ ನಡೆದರೆ, ಕಂಪನಿ ಕೊಟ್ಟ ಸಾಮೂಹಿಕ ಆರೋಗ್ಯವಿಮೆಯೇ ತನಗೂ ತನ್ನ ತಂದೆತಾಯಿಗಳಿಗೂ ಸಾಕೆಂದು ನೆಮ್ಮದಿಯಾಗಿರುವ ತರುಣರು ಕಾಣುತ್ತಾರೆ. ಕೆಲಸ ಬಿಟ್ಟ ದಿನವೇ ಆ ರಕ್ಷಣೆಯೂ ಕಳಚಿಬೀಳುವುದೆಂಬ ಅರಿವು ಅವರಲ್ಲಿ ಅನೇಕರಿಗಿಲ್ಲ. ವಯಸ್ಸಾದವರ ಠೇವಣಿಯಾಗಲಿ, ತರುಣರ ನಿಶ್ಚಿಂತೆಯಾಗಲಿ, ಎರಡೂ ವಿಮೆ ಮಾರುವವರಿಗೆ ಚೆನ್ನಾಗಿ ಗೊತ್ತಿರುವ ವಿಷಯಗಳು.

ಮಾರಾಟದ ಮಾತು, ಕಾಗದದ ಮಾತು

ಠೇವಣಿಯ ಅವಧಿ ತುಂಬಿ ಬ್ಯಾಂಕಿಗೆ ಹೋದ ಎಪ್ಪತ್ತರ ವೃದ್ಧರೊಬ್ಬರಿಗೆ, ಪರಿಚಯದ ಮುಗುಳ್ನಗೆಯ ಯುವಕನು ಕುರ್ಚಿ ಎಳೆದುಕೊಟ್ಟು, ‘ಇದೂ ಎಫ್.ಡಿ. ಇದ್ದಹಾಗೇ ಸಾರ್, ಬಡ್ಡಿ ಮಾತ್ರ ಜಾಸ್ತಿ’ ಎಂದು ಹೇಳುತ್ತಾನೆ. ಸಹಿಗಳು ಬೀಳುತ್ತವೆ. ಎರಡು ದಿನಗಳ ತರುವಾಯ ಕಂಪನಿಯಿಂದ ಪರಿಶೀಲನೆಯ ಕರೆ ಬರುತ್ತದೆ. ‘ಏನು ಕೇಳಿದರೂ ಹೌದು ಅಂತ ಹೇಳಿಬಿಡಿ ಸಾರ್, ಅದು ಬರೀ ಫಾರ್ಮಾಲಿಟಿ’ ಎಂದು ಆ ಯುವಕನು ಮುಂಚೆಯೇ ಹೇಳಿಕೊಟ್ಟಿರುತ್ತಾನೆ. ಮುಂದಿನ ವರ್ಷ ಅದೇ ತಿಂಗಳಲ್ಲಿ ಅಷ್ಟೇ ಮೊತ್ತದ ಎರಡನೆಯ ಕಂತಿಗೆ ತಗಾದೆ ಬಂದಾಗಲೇ, ತಾವು ಕಟ್ಟಿದ್ದು ಠೇವಣಿಯಲ್ಲ, ಹತ್ತು ವರ್ಷ ಕಂತು ಕಟ್ಟಬೇಕಾದ ಜೀವವಿಮಾ ಪಾಲಿಸಿಯೆಂಬುದು ಆ ವೃದ್ಧರಿಗೆ ತಿಳಿಯುವುದು. ಆಗ ಆ ಯುವಕನು ಬೇರೆ ಶಾಖೆಗೆ ವರ್ಗವಾಗಿರುತ್ತಾನೆ. ‘ಹೌದು’ ಎಂದ ತಮ್ಮದೇ ಧ್ವನಿಯ ಮುದ್ರಿಕೆ ಮಾತ್ರ ಕಂಪನಿಯ ಕೈಯಲ್ಲಿ ಭದ್ರವಾಗಿರುತ್ತದೆ.

ಇಂಥ ಅಪಾಯಕ್ಕೆ ಕಾನೂನು ಒಂದು ಉತ್ತಮ ಪರಿಹಾರವನ್ನು ಒದಗಿಸಿದೆ. ಜೀವವಿಮೆಯಾಗಲಿ ಆರೋಗ್ಯವಿಮೆಯಾಗಲಿ, ಪಾಲಿಸಿಯ ಪತ್ರವು ಕೈಸೇರಿದ ದಿನದಿಂದ 30 ದಿನಗಳೊಳಗೆ, ಷರತ್ತುಗಳು ಒಪ್ಪಿಗೆಯಾಗಲಿಲ್ಲವೆಂದು ಬರೆದು ಹಿಂದಿರುಗಿಸಿದರೆ, ಆ ಕೆಲವು ದಿನಗಳ ರಕ್ಷಣೆಯ ವೆಚ್ಚ, ವೈದ್ಯಕೀಯ ಪರೀಕ್ಷೆ ಮತ್ತು ಮುದ್ರಾಂಕಗಳ ಖರ್ಚನ್ನು ಮಾತ್ರ ಹಿಡಿದುಕೊಂಡು ಉಳಿದ ಹಣವನ್ನು ಕಂಪನಿಯು ಮರಳಿಸತಕ್ಕದ್ದು. ಆದುದರಿಂದ ಪಾಲಿಸಿ ಬಂದೊಡನೆ ಬೀರುವಿಗೆ ಸೇರಿಸದೆ, ಕೈಸೇರಿದ ದಿನಾಂಕವನ್ನು ಲಕೋಟೆಯ ಮೇಲೆ ಬರೆದು, ಅದೇ ವಾರದಲ್ಲಿ ಕುಳಿತು ಓದಬೇಕು. ಮುಖ್ಯವಾಗಿ ನೋಡಬೇಕಾದುವು ನಾಲ್ಕು: ಕಂತು ಕಟ್ಟಬೇಕಾದ ವರ್ಷಗಳೆಷ್ಟು, ಪಾಲಿಸಿಯ ಅವಧಿಯೆಷ್ಟು, ಖಚಿತವೆಂದು ಬರೆದ ಮೊತ್ತವೆಷ್ಟು, ನಡುವೆ ಬಿಟ್ಟರೆ ಸಿಗುವುದೆಷ್ಟು. ಮಾರುವವನು ಹೇಳಿದ ಲಾಭವು ಆ ಪತ್ರದಲ್ಲಿ ಬರೆದಿಲ್ಲವಾದರೆ ಅದು ಇಲ್ಲವೆಂದೇ ತಿಳಿಯತಕ್ಕದ್ದು. ಪಾಲಿಸಿಯ ಸಾರಾಂಶವನ್ನು ಸರಳವಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವನ್ನು ಆರೋಗ್ಯವಿಮೆಯ ಕಂಪನಿಯು ಕೊಡಲೇಬೇಕು. ಕೇಳಿದರೆ ಅದನ್ನು ಕನ್ನಡದಲ್ಲಿಯೇ ಪಡೆಯುವ ಹಕ್ಕು ನಮಗಿದೆ. ಕೇಳುವವರು ಕಡಮೆಯಾದುದರಿಂದ ಆ ಹಕ್ಕು ಬಳಕೆಗೆ ಬಾರದೆ ಉಳಿದಿದೆ.

ಲಾಕರು ಬೇಕಾದರೆ ಪಾಲಿಸಿ ಮಾಡಿಸಿ, ಗೃಹಸಾಲ ಮಂಜೂರಾಗಬೇಕಾದರೆ ನಮ್ಮ ಕಂಪನಿಯ ವಿಮೆಯನ್ನೇ ಕೊಳ್ಳಿ ಎಂದು ಒತ್ತಾಯಿಸಲು ಯಾವ ಬ್ಯಾಂಕಿಗೂ ಅಧಿಕಾರವಿಲ್ಲ. ಹಾಗೆ ಹೇಳಿದವರನ್ನು ‘ಇದನ್ನು ಬರೆದುಕೊಡಿ’ ಎಂದು ಕೇಳಿದರೆ ಒತ್ತಾಯವು ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ‘ಮೊದಲ ಕಂತಿನಲ್ಲಿ ನನ್ನ ಕಮಿಷನ್ ಬಿಟ್ಟುಕೊಡುತ್ತೇನೆ’ ಎನ್ನುವ ಏಜೆಂಟರ ಆಮಿಷಕ್ಕೂ ಒಳಗಾಗಬಾರದು. 1938ರ ವಿಮಾ ಶಾಸನದ 41ನೆಯ ವಿಧಿಯಂತೆ ಹಾಗೆ ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅಪರಾಧಗಳೇ. ಪ್ರಾಧಿಕಾರದಿಂದ ಮಾತನಾಡುತ್ತಿದ್ದೇವೆ, ನಿಮ್ಮ ಹಳೆಯ ಪಾಲಿಸಿಗೆ ಬೋನಸ್ ಬಂದಿದೆ ಎಂದು ದೂರವಾಣಿ ಮಾಡುವವರು ಮೋಸಗಾರರೇ; ಪ್ರಾಧಿಕಾರವು ಪಾಲಿಸಿ ಮಾರುವುದೂ ಇಲ್ಲ, ಬೋನಸ್ ಹಂಚುವುದೂ ಇಲ್ಲ.

ಇನ್ನು ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಪ್ರಸ್ತಾವನಾ ಪತ್ರದ ವಿಚಾರದಲ್ಲಿ ಇರಬೇಕಾದುದು. ಸಕ್ಕರೆ ಕಾಯಿಲೆ ಇದೆಯೆ, ರಕ್ತದ ಒತ್ತಡವಿದೆಯೆ, ಹಿಂದೆ ಶಸ್ತ್ರಚಿಕಿತ್ಸೆಯಾಗಿದೆಯೆ ಎಂದು ಸಾಲಾಗಿ ಕೇಳಿರುವ ಪ್ರಶ್ನೆಗಳಿಗೆಲ್ಲ, ನಮ್ಮನ್ನೊಮ್ಮೆ ಕೇಳುವ ಗೋಜಿಗೂ ಹೋಗದೆ, ಏಜೆಂಟನು ‘ಇಲ್ಲ, ಇಲ್ಲ, ಇಲ್ಲ’ ಎಂದು ಗುರುತುಹಾಕಿ ಕೊನೆಯಲ್ಲಿ ಸಹಿ ಮಾತ್ರ ಮಾಡಿಸಿಕೊಳ್ಳುತ್ತಾನೆ. ಐದಾರು ವರ್ಷಗಳ ನಂತರ ಆ ಒಂದೊಂದು ‘ಇಲ್ಲ’ವೂ ನಮ್ಮ ವಿರುದ್ಧ ಸಾಕ್ಷಿ ಹೇಳಬಹುದು. ವಿಮೆಯು ಪರಮವಿಶ್ವಾಸದ ಕರಾರಾದುದರಿಂದ ಕೇಳಿದ ಸಂಗತಿಯನ್ನು ಮರೆಮಾಚಿದವನಿಗೆ ಪರಿಹಾರ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ಸತ್ವಂತ್ ಕೌರ್ ಸಂಧು ಅವರ ಪ್ರಕರಣದಲ್ಲಿ 2009ರಲ್ಲಿ ತೀರ್ಪಿತ್ತಿದೆ. ಆದರೆ ಅದೇ ನ್ಯಾಯಾಲಯವು 2021ರಲ್ಲಿ ಮನಮೋಹನ ನಂದಾ ಅವರ ಪ್ರಕರಣದಲ್ಲಿ ಇದರ ಇನ್ನೊಂದು ಮುಖವನ್ನೂ ಎತ್ತಿಹಿಡಿಯಿತು. ಅಮೆರಿಕಕ್ಕೆ ಹೊರಟ ಆ ಪ್ರಯಾಣಿಕರು ತಮ್ಮ ಸಕ್ಕರೆ ಕಾಯಿಲೆಯನ್ನು ಮೊದಲೇ ತಿಳಿಸಿ, ವೈದ್ಯಕೀಯ ಪರೀಕ್ಷೆಗೂ ಒಳಗಾಗಿ ಪಾಲಿಸಿ ಪಡೆದಿದ್ದರು, ಅಲ್ಲಿಗೆ ತಲುಪಿದಾಗ ಹೃದಯಾಘಾತವಾಯಿತು, ಕಂಪನಿ ಕೈತೊಳೆದುಕೊಂಡಿತು. ಎಲ್ಲವನ್ನೂ ತಿಳಿದು, ಅಳೆದು, ಹಣ ಪಡೆದು ಪಾಲಿಸಿ ಕೊಟ್ಟ ಮೇಲೆ, ಆ ತಿಳಿದ ಕಾಯಿಲೆಯನ್ನೇ ನೆಪಮಾಡಿ ನಿರಾಕರಿಸುವಂತಿಲ್ಲವೆಂದು ನ್ಯಾಯಾಲಯವು ಹೇಳಿತು. ಸತ್ಯವನ್ನು ಬರೆದವನಿಗೆ ಕಂತು ತುಸು ಹೆಚ್ಚಾಗಬಹುದು, ಕೆಲವು ವರ್ಷ ಕಾಯಬೇಕಾಗಬಹುದು. ಆದರೆ ಅವನ ಕರಾರನ್ನು ಆಮೇಲೆ ಅಲ್ಲಾಡಿಸುವುದು ಸುಲಭವಲ್ಲ. ಪ್ರಸ್ತಾವನಾ ಪತ್ರವನ್ನು ಸ್ವಹಸ್ತದಿಂದ ತುಂಬಿ, ಅದರ ಪ್ರತಿಯೊಂದನ್ನು ಇಟ್ಟುಕೊಳ್ಳುವುದಕ್ಕಿಂತ ದೊಡ್ಡ ರಕ್ಷೆ ಇನ್ನೊಂದಿಲ್ಲ.

ಆಸ್ಪತ್ರೆಯ ಲೆಕ್ಕ

ಆರೋಗ್ಯವಿಮೆಯಲ್ಲಿ ಅತ್ಯಧಿಕ ಮನಸ್ತಾಪಕ್ಕೆ ಕಾರಣವಾಗುವುದು ಕೊಠಡಿಯ ಬಾಡಿಗೆಯ ಮಿತಿ. ಐದು ಲಕ್ಷ ರೂಪಾಯಿಯ ಪಾಲಿಸಿಯಲ್ಲಿ ಬಾಡಿಗೆಯು ದಿನಕ್ಕೆ ಶೇಕಡ ಒಂದರಂತೆ, ಅಂದರೆ 5,000 ರೂಪಾಯಿಗೆ ಸೀಮಿತವಾಗಿದೆಯೆಂದು ಇಟ್ಟುಕೊಳ್ಳೋಣ. ರೋಗಿಯು 10,000 ರೂಪಾಯಿಯ ಕೊಠಡಿಯಲ್ಲಿ ನಾಲ್ಕು ದಿನವಿದ್ದು, ಬಾಡಿಗೆ 40,000, ವೈದ್ಯರ, ಶಸ್ತ್ರಚಿಕಿತ್ಸೆಯ ಮತ್ತು ಶುಶ್ರೂಷೆಯ ಬಾಬ್ತು 1,60,000, ಔಷಧಿ ಮತ್ತು ಪರೀಕ್ಷೆಗಳ ಬಾಬ್ತು 1,00,000, ಒಟ್ಟು ಮೂರು ಲಕ್ಷದ ಬಿಲ್ಲು ಆಯಿತೆನ್ನಿ. ಕೊಠಡಿಯ ವ್ಯತ್ಯಾಸವಾದ 20,000 ಮಾತ್ರ ತಮ್ಮ ಪಾಲೆಂದು ಮನೆಯವರು ಭಾವಿಸಿರುತ್ತಾರೆ. ಆದರೆ ಅರ್ಹತೆಯ ಎರಡರಷ್ಟು ಬೆಲೆಯ ಕೊಠಡಿ ಪಡೆದುದರಿಂದ ವೈದ್ಯರ ಶುಲ್ಕವೇ ಮೊದಲಾದುವನ್ನೂ ಕಂಪನಿಯು ಅರ್ಧಕ್ಕಿಳಿಸುತ್ತದೆ. ಮನೆಯವರು ತೆರಬೇಕಾದುದು ಒಂದು ಲಕ್ಷವಾಗುತ್ತದೆ. ಇಷ್ಟು ಕರಾರಿನಂತೆ ಸರಿ. ಆದರೆ ಕೆಲವೊಮ್ಮೆ ಔಷಧಿ, ಪರೀಕ್ಷೆ, ದೇಹದೊಳಗೆ ಅಳವಡಿಸುವ ಸಾಧನ ಇವುಗಳ ಬೆಲೆಯನ್ನೂ ಇದೇ ಪ್ರಮಾಣದಲ್ಲಿ ಕತ್ತರಿಸಿಬಿಡುತ್ತಾರೆ, ಅದು ಅನ್ಯಾಯ. ಇವುಗಳಿಗೂ, ತೀವ್ರನಿಗಾ ಘಟಕದ ವೆಚ್ಚಕ್ಕೂ ಪ್ರಮಾಣಾನುಸಾರ ಕಡಿತವು ಅನ್ವಯಿಸದೆಂದು, ಕೊಠಡಿಯ ದರ್ಜೆಯಂತೆ ಶುಲ್ಕ ಬದಲಾಗದ ಆಸ್ಪತ್ರೆಗಳಲ್ಲಿ ಈ ಕಡಿತವನ್ನು ಮಾಡಲೇಕೂಡದೆಂದು ಪ್ರಾಧಿಕಾರವು 2020ರಲ್ಲಿಯೇ ವಿಧಿಸಿದೆ. ಆದುದರಿಂದ ಕಡಿತದ ವಿವರಪಟ್ಟಿಯನ್ನು ಕೇಳಿ ಪಡೆದು, ಒಂದೊಂದು ಬಾಬ್ತಿಗೂ ಯಾವ ಕಾರಣದಿಂದ ಕಡಿದಿರಿ ಎಂದು ಪ್ರಶ್ನಿಸುವುದು ನಮ್ಮ ಹಕ್ಕು ಮಾತ್ರವಲ್ಲ, ನಮ್ಮ ಹಣದ ವಿಷಯದಲ್ಲಿ ನಮ್ಮ ಕರ್ತವ್ಯವೂ ಆಗಿದೆ.

ಮುಂಗಡ ಹಣ ಕಟ್ಟದೆ ಚಿಕಿತ್ಸೆ ಪಡೆಯುವ ಕ್ಯಾಶ್‌ಲೆಸ್ ಏರ್ಪಾಡಿನಲ್ಲಿ, ಬಿಡುಗಡೆಯ ದಿನ ಬೆಳಗ್ಗೆ ವೈದ್ಯರು ‘ಮನೆಗೆ ಹೋಗಬಹುದು’ ಎಂದರೂ, ಸಂಜೆಯವರೆಗೆ ಕೌಂಟರಿನ ಮುಂದೆ ಕಾಯುವ ಯಾತನೆ ನಮ್ಮಲ್ಲಿ ಅನೇಕರಿಗೆ ಪರಿಚಿತವಾದುದು. 2024ರ ಮೇ 29ರ ಆದೇಶದಲ್ಲಿ ಪ್ರಾಧಿಕಾರವು ಇದಕ್ಕೂ ಕಾಲಮಿತಿಯನ್ನು ಗೊತ್ತುಮಾಡಿತು. ದಾಖಲಾಗುವಾಗಿನ ಕೋರಿಕೆಯನ್ನು ಒಂದು ಗಂಟೆಯೊಳಗೆ, ಬಿಡುಗಡೆಯ ಕೋರಿಕೆಯನ್ನು ಮೂರು ಗಂಟೆಯೊಳಗೆ ತೀರ್ಮಾನಿಸಬೇಕು. ಅದಕ್ಕೂ ಮೀರಿ ತಡವಾದುದರಿಂದ ಆಸ್ಪತ್ರೆಯು ಹೆಚ್ಚು ಹಣ ಕೇಳಿದರೆ ಅದನ್ನು ಕಂಪನಿಯೇ ಭರಿಸಬೇಕು. ಆಸ್ಪತ್ರೆಯು ಕೋರಿಕೆ ಕಳುಹಿಸಿದ ಗಂಟೆಯನ್ನು ಕೇಳಿ ಬರೆದುಕೊಳ್ಳಬೇಕು. ಕ್ಯಾಶ್‌ಲೆಸ್ ಸಿಗಲಿಲ್ಲವೆಂದ ಮಾತ್ರಕ್ಕೆ ಪರಿಹಾರವೇ ತಪ್ಪಿತೆಂದು ಎದೆಗುಂದಬೇಕಾಗಿಲ್ಲ. ಹಣ ಕಟ್ಟಿ ಹೊರಬಂದು, ಬಿಲ್ಲುಗಳನ್ನೆಲ್ಲ ಸೇರಿಸಿ ಮರುಪಾವತಿಯನ್ನು ಕೇಳುವ ದಾರಿ ತೆರೆದೇ ಇರುತ್ತದೆ.

ಇನ್ನೊಂದು ಸೂಕ್ಷ್ಮವಿದೆ; ಕಂಡವರಿಗಷ್ಟೆ ಅದರ ಅಪಾಯ ಗೊತ್ತು. ತುರ್ತುಚಿಕಿತ್ಸೆಯ ಕೊಠಡಿಯಲ್ಲಿ ಕಿರಿಯ ವೈದ್ಯರು ‘ಶುಗರ್ ಎಷ್ಟು ದಿನದಿಂದ ಇದೆ?’ ಎಂದು ಕೇಳುತ್ತಾರೆ. ಗಾಬರಿಯಲ್ಲಿರುವ ಮಗನು ‘ಹತ್ತು ವರ್ಷದಿಂದ ಇರಬಹುದು’ ಎಂದುಬಿಡುತ್ತಾನೆ. ‘ಇರಬಹುದು’ ಎಂಬುದು ಬಿಟ್ಟುಹೋಗಿ ‘ಹತ್ತು ವರ್ಷದಿಂದ ಇದೆ’ ಎಂಬುದು ಬಿಡುಗಡೆಯ ಸಾರಾಂಶದಲ್ಲಿ ಉಳಿಯುತ್ತದೆ. ಆರು ವರ್ಷಗಳ ಹಿಂದೆ ಪಾಲಿಸಿ ಮಾಡಿಸಿದಾಗ ಅದು ಇರಲೇ ಇಲ್ಲವೆಂಬುದು ನಿಜವಾಗಿದ್ದರೂ, ಆ ಒಂದು ಸಾಲಿನ ಬಲದಿಂದ ಕಂಪನಿಯು ‘ಮರೆಮಾಚಿದಿರಿ’ ಎಂದು ಪತ್ರ ಬರೆಯುತ್ತದೆ. ಆದುದರಿಂದ ಖಚಿತವಾಗಿ ತಿಳಿಯದುದನ್ನು ‘ತಿಳಿಯದು’ ಎಂದೇ ಹೇಳಬೇಕು. ಆಸ್ಪತ್ರೆಯನ್ನು ಬಿಡುವ ಮುನ್ನ ಸಾರಾಂಶವನ್ನು ಓದಬೇಕು. ತಪ್ಪಿದ್ದರೆ ಚಿಕಿತ್ಸೆ ಮಾಡಿದ ವೈದ್ಯರಿಂದಲೇ ತಿದ್ದಿಸಿ ಸಹಿ ಹಾಕಿಸಿಕೊಳ್ಳಬೇಕು.

ನಿರಾಕರಣೆಯ ಪತ್ರ ಬಂದಾಗ

ಪರಿಹಾರವನ್ನು ನಿರಾಕರಿಸುವ ಪತ್ರವು ಸಾಮಾನ್ಯವಾಗಿ ಎರಡು ಮೂರು ವಾಕ್ಯಗಳದು. ‘ಪಾಲಿಸಿಯ ಷರತ್ತುಗಳ ಪ್ರಕಾರ ನಿಮ್ಮ ಕೋರಿಕೆಯನ್ನು ಪರಿಗಣಿಸಲಾಗದುದಕ್ಕೆ ವಿಷಾದಿಸುತ್ತೇವೆ’ ಎಂಬ ಧಾಟಿಯದು. ಅದನ್ನು ತೀರ್ಪೆಂದು ಭಾವಿಸುವುದೇ ನಮ್ಮವರು ಮಾಡುವ ದೊಡ್ಡ ತಪ್ಪು. ಅದು ವ್ಯಾಜ್ಯದ ಒಂದು ಪಕ್ಷದ ಹೇಳಿಕೆ ಮಾತ್ರ. ಯಾವ ಷರತ್ತಿನ ಯಾವ ಉಪವಿಧಿಯ ಆಧಾರದಿಂದ ನಿರಾಕರಿಸಲಾಗಿದೆಯೆಂಬುದನ್ನು ಆ ಪತ್ರದಲ್ಲಿ ಸ್ಪಷ್ಟವಾಗಿ ಹೇಳಲೇಬೇಕು. ಆರೋಗ್ಯವಿಮೆಯಲ್ಲಿಯಂತೂ ಕಂಪನಿಯ ಪರಾಮರ್ಶೆ ಸಮಿತಿಯ ಒಪ್ಪಿಗೆಯಿಲ್ಲದೆ ಕೋರಿಕೆಯನ್ನು ತಳ್ಳಿಹಾಕುವಂತಿಲ್ಲ. ಟಿ.ಪಿ.ಎ. ಎಂಬ ಮಧ್ಯವರ್ತಿ ಸಂಸ್ಥೆಗೆ ನಿರಾಕರಿಸುವ ಅಧಿಕಾರವೇ ಇಲ್ಲ.

ಕಾಲವೂ ಪಾಲಿಸಿದಾರನ ಪಕ್ಷದಲ್ಲಿ ನಿಲ್ಲುವ ಸಂದರ್ಭಗಳಿವೆ. 2015ರಲ್ಲಿ ತಿದ್ದುಪಡಿಯಾದ ವಿಮಾ ಶಾಸನದ 45ನೆಯ ವಿಧಿಯಂತೆ, ಜೀವವಿಮಾ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಅದನ್ನು ಯಾವ ಕಾರಣದಿಂದಲೂ ಪ್ರಶ್ನಿಸುವಂತಿಲ್ಲ. ನಡುವೆ ಪಾಲಿಸಿ ನಿಂತುಹೋಗಿ ಮತ್ತೆ ಜೀವಗೊಳಿಸಿದ್ದರೆ ಆ ಮೂರು ವರ್ಷಗಳ ಎಣಿಕೆಯೂ ಹೊಸದಾಗಿ ಮೊದಲಾಗುವುದರಿಂದ, ಕಂತನ್ನು ತಪ್ಪದೆ ಕಟ್ಟುವುದರ ಮಹತ್ವವೂ ವ್ಯಕ್ತವಾಗುತ್ತದೆ. ಆರೋಗ್ಯವಿಮೆಯಲ್ಲಿ ಸತತವಾಗಿ 60 ತಿಂಗಳು ಕಂತು ಕಟ್ಟಿದವರ ಕೋರಿಕೆಯನ್ನು, ವಂಚನೆ ಸಾಬೀತಾದ ಹೊರತು, ಮರೆಮಾಚಿದಿರೆಂಬ ಕಾರಣಕ್ಕೆ ತಳ್ಳಿಹಾಕುವಂತಿಲ್ಲ.

ಒದಗಿಸಲಾಗದ ದಾಖಲೆಗಳನ್ನು ಒಂದರ ಮೇಲೊಂದರಂತೆ ಕೇಳುತ್ತ ಕೋರಿಕೆದಾರನನ್ನು ಬಳಲಿಸುವುದು ಮತ್ತೊಂದು ದುಷ್ಪರಿಪಾಠ. ಕಳುವಾದ ಲಾರಿಯೊಂದರ ನೋಂದಣಿಪತ್ರದ ದೃಢೀಕೃತ ಪ್ರತಿಗಾಗಿ ಹಟಹಿಡಿದ ಕಂಪನಿಯೊಂದನ್ನು, ಗುರ್ಮೇಲ್ ಸಿಂಗ್ ಅವರ ಪ್ರಕರಣದಲ್ಲಿ 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀವ್ರವಾಗಿ ಆಕ್ಷೇಪಿಸಿತು. ಅದೇ ವರ್ಷದ ನವೆಂಬರಿನಲ್ಲಿ ಟೆಕ್ಸ್ಕೊ ಮಾರ್ಕೆಟಿಂಗ್ ಪ್ರಕರಣದಲ್ಲಿ, ನೆಲಮಾಳಿಗೆಯ ಅಂಗಡಿಯೆಂದು ತಿಳಿದೇ ವಿಮೆ ಮಾಡಿ ಕಂತು ಪಡೆದು, ಬೆಂಕಿ ಬಿದ್ದ ಮೇಲೆ ‘ನೆಲಮಾಳಿಗೆಗೆ ರಕ್ಷಣೆಯಿಲ್ಲ’ ಎಂದ ಕಂಪನಿಯ ವಾದವನ್ನು ತಳ್ಳಿಹಾಕಿ, ಕರಾರಿನ ಉದ್ದೇಶವನ್ನೇ ನಾಶಮಾಡುವ ಹೊರತುಪಡಿಕೆಯ ಷರತ್ತು ಅನ್ಯಾಯದ್ದೆಂದು ಸಾರಿತು.

ವಾಹನವಿಮೆಯ ಒಂದು ಮಾತನ್ನೂ ಇಲ್ಲಿಯೇ ಹೇಳಬೇಕು. 2025ರ ಮೇ ತಿಂಗಳಿನ ಮಳೆಯಲ್ಲಿ ಬಿ.ಟಿ.ಎಂ. ಲೇಔಟಿನ ತಗ್ಗುಭಾಗಗಳು ಜಲಾವೃತವಾದಂತೆ, ನೀರು ನಿಲ್ಲುವ ಬಡಾವಣೆಗಳಲ್ಲಿ ನೆಲಮಾಳಿಗೆಯ ಕಾರುಗಳು ಮುಳುಗುವುದುಂಟು. ಪ್ರವಾಹದಿಂದಾದ ಹಾನಿಗೆ ಸಮಗ್ರ ಪಾಲಿಸಿಯಲ್ಲಿ ರಕ್ಷಣೆಯಿದೆ. ಆದರೆ ನೀರು ಹೊಕ್ಕ ಎಂಜಿನನ್ನು ಚಾಲೂ ಮಾಡಲು ಯತ್ನಿಸಿ ಅದು ಕೆಟ್ಟರೆ, ಎಂಜಿನ್ ರಕ್ಷಣೆಯ ಪ್ರತ್ಯೇಕ ಸೇರ್ಪಡೆಯಿಲ್ಲದವರಿಗೆ ಪರಿಹಾರ ದೊರೆಯುವುದು ಕಷ್ಟ. ಆದುದರಿಂದ ಕೀಲಿ ತಿರುಗಿಸದೆ, ನೀರಿನ ಮಟ್ಟ ಕಾಣುವಂತೆ ಛಾಯಾಚಿತ್ರ ತೆಗೆದು, ಕಂಪನಿಗೆ ತಿಳಿಸಿ, ವಾಹನವನ್ನು ಎಳೆಸಿಕೊಂಡೇ ಹೋಗಬೇಕು.

ಪರಿಹಾರದ ಒಂದಂಶವನ್ನು ಮಾತ್ರ ಕೊಟ್ಟು ‘ಪೂರ್ಣ ತೃಪ್ತಿಯಿಂದ ಸ್ವೀಕರಿಸಿದ್ದೇನೆ’ ಎಂಬ ರಸೀತಿಗೆ ಸಹಿ ಕೇಳುವುದೂ ಉಂಟು. ಇಕ್ಕಟ್ಟಿನಲ್ಲಿರುವವನು ಸಹಿ ಹಾಕುತ್ತಾನೆ. ಒತ್ತಾಯದಿಂದಲೋ ಅನುಚಿತ ಪ್ರಭಾವದಿಂದಲೋ ಪಡೆದ ಅಂಥ ಸಹಿಯು ಉಳಿದ ಹಣವನ್ನು ಕೇಳುವುದಕ್ಕೆ ಅಡ್ಡಿಯಾಗದೆಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿರುವುದಾದರೂ, ಒತ್ತಾಯವನ್ನು ರುಜುವಾತುಪಡಿಸುವ ಹೊರೆ ಗ್ರಾಹಕನ ಮೇಲೆ ಬೀಳುವುದರಿಂದ, ‘ಆಕ್ಷೇಪಣೆಗೊಳಪಟ್ಟು, ಉಳಿದ ಮೊತ್ತದ ಹಕ್ಕನ್ನು ಕಾದಿರಿಸಿ ಸ್ವೀಕರಿಸಿದ್ದೇನೆ’ ಎಂದು ಸಹಿಯ ಮೇಲೆ ಒಂದು ಸಾಲು ಬರೆಯುವುದು, ಅಥವಾ ಅದೇ ದಿನ ಹಾಗೆಂದು ಇ-ಮೇಲ್ ಕಳುಹಿಸುವುದು ಶ್ರೇಯಸ್ಕರ.

ಜೆ.ಪಿ. ನಗರದ ಕಚೇರಿ

ನ್ಯಾಯಕ್ಕೆ ಹೋಗುವ ದಾರಿಯ ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯುವ ದೂರು. ಅದು ಒಂದು ಪುಟವನ್ನು ಮೀರಬಾರದು: ಪಾಲಿಸಿಯ ಸಂಖ್ಯೆ, ನಡೆದ ಸಂಗತಿಗಳು ದಿನಾಂಕಗಳೊಡನೆ, ಕಂಪನಿಯು ಆಧಾರ ಮಾಡಿಕೊಂಡ ಷರತ್ತು, ಅದು ಅನ್ವಯಿಸದಿರುವುದಕ್ಕೆ ನಮ್ಮ ಕಾರಣ, ಬರಬೇಕಾದ ಮೊತ್ತ. ಕೋಪದ ಮಾತು ಒಂದೂ ಬೇಡ. ದೂರು ತಲುಪಿದುದಕ್ಕೆ ಸಂಖ್ಯೆಯನ್ನು ಪಡೆಯಬೇಕು. ಎರಡು ವಾರಗಳಲ್ಲಿ ಸಮಾಧಾನ ದೊರೆಯದಿದ್ದರೆ, ಪ್ರಾಧಿಕಾರದ ‘ಬಿಮಾ ಭರೋಸಾ’ ವ್ಯವಸ್ಥೆಯಲ್ಲಿ ದೂರನ್ನು ದಾಖಲಿಸಬಹುದು. 155255 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿಯೂ ತಿಳಿಸಬಹುದು. ಪ್ರಾಧಿಕಾರವು ತಾನೇ ತೀರ್ಪು ಕೊಡುವುದಿಲ್ಲ. ಆದರೆ ಅದರ ಕಣ್ಣಿಗೆ ಬಿದ್ದಿದೆಯೆಂಬುದೇ ಕಂಪನಿಯನ್ನು ಚುರುಕುಗೊಳಿಸುವುದುಂಟು.

ಒಂದು ತಿಂಗಳಾದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಒಪ್ಪಿಗೆಯಿಲ್ಲವೆಂದಾದರೆ, ವಿಮಾ ಓಂಬುಡ್ಸ್‌ಮನ್ ಅವರಲ್ಲಿಗೆ ಹೋಗಬಹುದು. ಇಡೀ ಕರ್ನಾಟಕಕ್ಕೆ ಸಂಬಂಧಿಸಿದ ಈ ಅಧಿಕಾರಿಯ ಕಚೇರಿ ಇರುವುದು ದಕ್ಷಿಣ ಬೆಂಗಳೂರಿನಲ್ಲಿಯೇ: ಜೆ.ಪಿ. ನಗರದ ಒಂದನೆಯ ಹಂತದಲ್ಲಿ, 24ನೆಯ ಮುಖ್ಯರಸ್ತೆಯ ಜೀವನ ಸೌಧ ಕಟ್ಟಡದ ನೆಲ ಅಂತಸ್ತಿನಲ್ಲಿ. ಕಾಸರಗೋಡಿನ ಕನ್ನಡಿಗರಿಗೆ ಕೊಚ್ಚಿಯ ಕಚೇರಿಯುಂಟು. ಇಲ್ಲಿ ಶುಲ್ಕವಿಲ್ಲ, ವಕೀಲರ ಅವಶ್ಯಕತೆಯಿಲ್ಲ. ವಕೀಲರಿಗೆ ವಾದಿಸಲು ಅವಕಾಶವೇ ಇಲ್ಲವಾದುದರಿಂದ, ಕಂಪನಿಯ ಪರವಾಗಿಯೂ ಅದರ ಅಧಿಕಾರಿಯೊಬ್ಬನೇ ಬಂದು ಕುಳಿತುಕೊಳ್ಳಬೇಕು. 2017ರ ನಿಯಮಗಳಲ್ಲಿ 30 ಲಕ್ಷ ರೂಪಾಯಿಯಷ್ಟಿದ್ದ ಪರಿಹಾರದ ಮಿತಿ 2023ರಲ್ಲಿ 50 ಲಕ್ಷಕ್ಕೆ ಏರಿದೆ. 2021ರ ತಿದ್ದುಪಡಿಯಿಂದ ದೂರನ್ನು ವಿದ್ಯುನ್ಮಾನದ ಮೂಲಕ ಕಳುಹಿಸುವುದಕ್ಕೂ, ನಡೆದಾಡಲಾರದವರು ವೀಡಿಯೊ ಮೂಲಕವೇ ವಿಚಾರಣೆಯಲ್ಲಿ ಭಾಗವಹಿಸುವುದಕ್ಕೂ ಅವಕಾಶವಾಗಿದೆ. ಎರಡು ಎಚ್ಚರಿಕೆಗಳು ಮಾತ್ರ ಅಗತ್ಯ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ದೂರು ಸಲ್ಲಬೇಕು. ಅದೇ ವಿಷಯವು ನ್ಯಾಯಾಲಯದಲ್ಲಾಗಲಿ ಗ್ರಾಹಕರ ಆಯೋಗದಲ್ಲಾಗಲಿ ವಿಚಾರಣೆಯಲ್ಲಿರಕೂಡದು.

ಓಂಬುಡ್ಸ್‌ಮನ್ ಅವರು ಮೊದಲು ಉಭಯಪಕ್ಷಗಳಿಗೂ ಸಮ್ಮತವಾಗುವ ರಾಜಿಯನ್ನು ಮಾಡಿಸಲು ಯತ್ನಿಸುತ್ತಾರೆ. ಆಗದಿದ್ದರೆ, ಬೇಕಾದ ದಾಖಲೆಗಳೆಲ್ಲ ಸೇರಿದ ಮೂರು ತಿಂಗಳೊಳಗೆ ತೀರ್ಪು ಕೊಡುತ್ತಾರೆ. ಆ ತೀರ್ಪು ಕಂಪನಿಯನ್ನು ಬಂಧಿಸುತ್ತದೆ, ದೂರುದಾರನನ್ನು ಬಂಧಿಸುವುದಿಲ್ಲ. ಕಂಪನಿಯು 30 ದಿನಗಳಲ್ಲಿ ಅದನ್ನು ಪಾಲಿಸಬೇಕು. ತಪ್ಪಿದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರನಿಗೆ ದಂಡ ತೆರಬೇಕೆಂದು 2024ರ ಆದೇಶವು ಹೇಳುತ್ತದೆ. ಬಡವನ ಕೈಗೂ ಎಟುಕುವಂಥ ಇಷ್ಟು ಸುಲಭವಾದ ನ್ಯಾಯಸ್ಥಾನವು ನಮ್ಮ ಬಡಾವಣೆಯ ನಡುವೆಯೇ ಇದ್ದರೂ, ಅದರ ಹೆಸರನ್ನೇ ಕೇಳದ ಪಾಲಿಸಿದಾರರು ಅಸಂಖ್ಯರಾಗಿರುವುದು ನನಗೆ ಅತೀವ ವ್ಯಥೆಯನ್ನುಂಟುಮಾಡುತ್ತದೆ.

ಅಲ್ಲಿಯೂ ನ್ಯಾಯ ಸಿಗಲಿಲ್ಲವೆನಿಸಿದವರಿಗೆ, ಅಥವಾ ಮಾನಸಿಕ ಕ್ಲೇಶಕ್ಕೂ ಪರಿಹಾರ ಬೇಕೆನ್ನುವವರಿಗೆ, 2019ರ ಗ್ರಾಹಕ ಸಂರಕ್ಷಣಾ ಶಾಸನದಂತೆ ಗ್ರಾಹಕರ ಆಯೋಗಗಳಿವೆ. ಬೆಂಗಳೂರು ನಗರ ಜಿಲ್ಲೆಯ ಆಯೋಗಗಳು ಶಾಂತಿನಗರದ ಬಿ.ಎಂ.ಟಿ.ಸಿ. ಕಟ್ಟಡದಲ್ಲಿ ನೆಲೆಗೊಂಡಿವೆ. ದೂರುದಾರನು ತಾನು ವಾಸಿಸುವ ಊರಿನಲ್ಲಿಯೇ ದೂರು ಹೂಡಬಹುದು. ಆಯೋಗದ ವ್ಯಾಪ್ತಿಯನ್ನು ನಿರ್ಣಯಿಸುವುದು ಕೇಳುವ ಪರಿಹಾರವಲ್ಲ, ಕಟ್ಟಿದ ಕಂತು. ಅದು ಐದು ಲಕ್ಷವನ್ನು ಮೀರದಿದ್ದರೆ ಶುಲ್ಕವೇ ಇಲ್ಲ. ಎರಡು ವರ್ಷಗಳ ಕಾಲಮಿತಿಯನ್ನು ಮಾತ್ರ ಮರೆಯಬಾರದು. ದಾರಿ ತೋರಿಸುವವರು ಬೇಕಾದರೆ ರಾಷ್ಟ್ರೀಯ ಸಹಾಯವಾಣಿ 1915 ಇದೆ.

ಪಾಲಿಸಿದಾರನ ಧರ್ಮ

ವಿಮೆಯ ನಿಧಿಯು ಕಂಪನಿಯ ಸ್ವಂತ ಸಂಪತ್ತಲ್ಲ. ಊರ ಕೆರೆಯಂತೆ ಎಲ್ಲರ ನೀರೂ ಸೇರಿ ತುಂಬಿದ್ದು. ಸುಳ್ಳು ಬಿಲ್ಲಿನಿಂದ ಅದನ್ನು ಸೋರಿಸುವವನೂ, ನ್ಯಾಯವಾದ ಪಾಲನ್ನು ತಡೆಯುವ ಕಂಪನಿಯೂ ಸಮಾನವಾಗಿ ಅಪರಾಧಿಗಳು. ನಿರಾಕರಣೆಯ ಪತ್ರವನ್ನು ಮೌನವಾಗಿ ಮಡಿಸಿಡುವ ಸಜ್ಜನನು ತನಗೆ ಮಾತ್ರ ನಷ್ಟ ಮಾಡಿಕೊಳ್ಳುತ್ತಾನೆಂದು ತಿಳಿಯಬಾರದು. ಆತನ ಮೌನದಿಂದ ಆ ಪರಿಪಾಠಕ್ಕೆ ಬಲ ಬಂದು, ಮುಂದಿನ ಕೋರಿಕೆದಾರನಿಗೂ ಅದೇ ಮೂರು ವಾಕ್ಯಗಳ ಪತ್ರ ಹೋಗುತ್ತದೆ.

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಪಾಲಿಸಿಗಳೆಲ್ಲ ಒಂದೆಡೆ ಇರಲಿ. ಪ್ರಸ್ತಾವನಾ ಪತ್ರಗಳ ಪ್ರತಿಗಳು, ಕಂತಿನ ರಸೀತಿಗಳು, ಹಳೆಯ ವೈದ್ಯಕೀಯ ವರದಿಗಳು ಜೊತೆಗಿರಲಿ. ನಾಮನಿರ್ದೇಶನವು ಯಾರ ಹೆಸರಿನಲ್ಲಿದೆ, ಆ ವ್ಯಕ್ತಿ ಇನ್ನೂ ಬದುಕಿರುವರೆ ಎಂಬುದನ್ನು ನವೀಕರಣದ ಸಮಯದಲ್ಲೊಮ್ಮೆ ನೋಡುವ ವಾಡಿಕೆಯಿರಲಿ. ಅವೆಲ್ಲ ಎಲ್ಲಿವೆ, ಏನು ಹೇಳುತ್ತವೆ ಎಂಬುದು ಯಜಮಾನನಿಗೆ ಮಾತ್ರವಲ್ಲದೆ, ಆತನ ಹೆಂಡತಿಗೂ ಮಕ್ಕಳಿಗೂ ತಿಳಿದಿರಲಿ. ಏಕೆಂದರೆ ಆ ಪತ್ರಗಳು ಕೆಲಸಕ್ಕೆ ಬರುವ ದಿನ ಆತನು ಮಾತನಾಡುವ ಸ್ಥಿತಿಯಲ್ಲಿ ಇಲ್ಲದಿರಬಹುದು. ಕಂಪನಿಯು ಕೊಡಲಾರೆನೆಂದ ದಿನ ಅಳುಕದೆ, ಕೂಗಾಡದೆ, ಕಾರಣವನ್ನು ಬರಹದಲ್ಲಿ ಕೊಡಿ ಎಂದು ಕೇಳಿ, ಬಂದ ಕಾರಣಕ್ಕೆ ಬರಹದಲ್ಲಿಯೇ ಉತ್ತರ ಕೊಟ್ಟು, ಆ ಉತ್ತರಕ್ಕೆ ನ್ಯಾಯವಾದ ಸಮಾಧಾನ ದೊರೆಯುವವರೆಗೂ ವ್ಯವಹಾರವು ಮುಗಿಯಿತೆಂದು ಯಾರೂ ಭಾವಿಸದಿರಲಿ.